ಅಳಿಯಂದಿರು ಇಟ್ಟ ಕಾವಲು

“ಗುರುಗಳೇ, ಒಂದು ಮನೆಯ ಕಂಪ್ಯೂಟರ್ ತೀರ ನಿಧಾನವಾಗಿದೆ. ಅದಕ್ಕೆ ಹಲವರು ಕೈ ಹಾಕಿದ್ದಾರೆ. ಬಂದವರೆಲ್ಲ ಒಂದೊಂದನ್ನು ತುಂಬಿಹೋಗಿದ್ದಾರೆ. ಯಾರು ಹಾಕಿದ್ದನ್ನು ಮೊದಲು ತೆಗೆಯಬೇಕು?”

ಕಲ್ಲೇಶ ಹೀಗೆ ಕೇಳಿದಾಗ ಪಂಪಣ್ಣ ಮೇಷ್ಟ್ರು ಒಂದು ಕೀಲಿಮಣೆಯನ್ನು ಮಗುಚಿ ಹಿಡಿದು, ಅದರೊಳಗಿನ ಅವಲಕ್ಕಿ ಚೂರುಗಳನ್ನು ಉದುರಿಸುತ್ತಿದ್ದರು. ಅವರು ಹಿಂದೆ ಟೈಪಿಂಗ್ ಕಲಿಸುತ್ತಿದ್ದವರು. ಕಾಲ ತಿರುಗಿದ ಮೇಲೆ ಅದೇ ಕೋಣೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತ, ಬಂದವರಿಗೆ ಅದನ್ನೇ ಕಲಿಸುತ್ತ ಕೂತಿದ್ದರು. ಕಲ್ಲೇಶ ಅವರ ಶಿಷ್ಯ. ಈಚೆಗೆ ಒಬ್ಬನೇ ಮನೆಮನೆಗೆ ಹೋಗಿ ಬರುತ್ತಿದ್ದ.

“ಯಾರ ಮನೆ?” ಎಂದರು ಮೇಷ್ಟ್ರು.

“ಅಂಚೆ ಬೀದಿಯ ಹೆಡ್‌ಮಾಸ್ಟರ್ ಮನೆ. ನಾನೂ ಎರಡು ಸಲ ಹೋಗಿ ಬಂದೆ. ನಾಳೆ ಸರಿಯಾಗದಿದ್ದರೆ ಬೇರೆಯವರನ್ನು ಕರೆಸ್ತಾರಂತೆ. ಒಬ್ಬ ದಡ್ಡ ಬಂದು ಕೆಡಿಸಿದ್ದನ್ನು ಅವನಿಗಿಂತ ದೊಡ್ಡ ದಡ್ಡ ಬಂದು ಸರಿಮಾಡಿದ್ದಾನೆ ಗುರುಗಳೇ. ಹಾಗಿದೆ ಅದರ ಅವಸ್ಥೆ.”

“ಕೂತ್ಕೋ. ಈ ಪ್ರಶ್ನೆಯನ್ನು ನನ್ನನ್ನು ಬಿಟ್ಟು ಇನ್ನಾರನ್ನು ಕೇಳಿದ್ದರೂ ನೀನು ಹಾಳಾಗುತ್ತಿದ್ದೆ. ಆ ಕಾಲದಲ್ಲಿ ನಾನು ಬೀದಿಯ ತುದಿಯಲ್ಲಿ ನಿಂತು ಒಂದು ಸಲ ಕೆಮ್ಮಿದರೆ ಸಾಕು, ಬೀದಿಯ ಕಂಪ್ಯೂಟರುಗಳೆಲ್ಲ ತಾವಾಗಿ ಎದ್ದು ಕೂರುತ್ತಿದ್ದವು. ಬೀದಿಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್ ಎಂಬುದು ಬೇರೆ ಮಾತು. ಅದರ ಕತೆ ಕೇಳು.”

ಹೀಗೆಂದು ಅವರು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಳೆ ವ್ಯಾಪಾರಿ ಇದ್ದ. ಅವನಿಗೆ ಮೂವರು ಹೆಣ್ಣುಮಕ್ಕಳು. ಹಿರಿಮಗಳು, ನಡುಮಗಳು, ಕಿರಿಮಗಳು. ಮಕ್ಕಳು ಕೇಳಿದರೆಂದು ಅವನು ಒಂದು ಕಂಪ್ಯೂಟರ್ ತಂದ. ಗಾಜು ಸಾಗಿಸುವುದು ಅವನಿಗೆ ಹೊಸದಲ್ಲ. ಟೆಂಪೋದಲ್ಲಿ ಬಳೆಯ ಪೆಟ್ಟಿಗೆಗಳಂತೆ ಸುತ್ತಲೂ ಹುಲ್ಲು ತುಂಬಿ, ಪರದೆಯ ಪೆಟ್ಟಿಗೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದ. “ನಿಧಾನ, ನಿಧಾನ” ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದ. ಟೆಂಪೋ ಎಷ್ಟು ನಿಧಾನವಾಗಿ ಬಂತೆಂದರೆ, ಹಿಂದಿನಿಂದ ಬಂದ ಒಂದು ಎತ್ತಿನ ಗಾಡಿ ಅದನ್ನು ದಾಟಿ ಮುಂದೆ ಹೋಯಿತು. ಎತ್ತುಗಳು ತಿರುಗಿ ನೋಡಿ ಮರುಗಿದವು.

ಯಂತ್ರವನ್ನು ಪೂರ್ವಕ್ಕೆ ಮುಖ ಮಾಡಿ ಇಟ್ಟರು. ತೆಂಗಿನಕಾಯಿ ಒಡೆದರು. ನೋಡಲು ಬಂದವರು ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದರು. ಕೈ ಮುಗಿದವರೂ ಇದ್ದರು.

ಸಂಜೆ ಅಂಗಡಿ ಮುಚ್ಚಿ ಬಂದು ವ್ಯಾಪಾರಿ ಬಾಗಿಲಿಗೆ ಒರಗಿ ಕೂರುತ್ತಿದ್ದ. ಒಳಗೆ ಮೂವರು ಮಕ್ಕಳ ಜಗಳ ನಡೆಯುತ್ತಿತ್ತು. ಇರುವುದು ಒಂದೇ ಕುರ್ಚಿ, ಒಂದೇ ಮೌಸು. ಕೊನೆಗೆ ತಾಯಿ ಒಂದು ಕಟ್ಟಳೆ ಮಾಡಿದಳು. ಒಬ್ಬೊಬ್ಬಳ ಸರದಿಗೆ ಒಂದೊಂದು ಊದುಬತ್ತಿ. ಬತ್ತಿ ಉರಿದು ಮುಗಿದರೆ ಎದ್ದೇಳಬೇಕು. ಹಿರಿಮಗಳ ಸರದಿ ಬಂದಾಗ ನಡುಮಗಳು ಬತ್ತಿಯ ಹತ್ತಿರ ಹೋಗಿ ಮೆಲ್ಲಗೆ ಊದುತ್ತಿದ್ದಳು. ಬೇಗ ಉರಿಯಲಿ ಎಂದು. ಕಿರಿಮಗಳು ತನ್ನ ಸರದಿಗೆ ದೇವರ ಕೋಣೆಯಿಂದ ಎಲ್ಲಕ್ಕಿಂತ ಉದ್ದದ ಬತ್ತಿಯನ್ನು ಹುಡುಕಿ ತರುತ್ತಿದ್ದಳು. ಆ ಮನೆಯ ಗೋಡೆಗೆ ಆ ವಾಸನೆ ಹತ್ತಿಕೊಂಡಿತ್ತು. ಮೌಸಿನ ಹೊಟ್ಟೆಯೊಳಗೆ ಆಗ ಒಂದು ಗುಂಡು ಇರುತ್ತಿತ್ತು. ಅದಕ್ಕೆ ಧೂಳು ಹತ್ತಿದರೆ ಹಿರಿಮಗಳು ತಲೆಯ ಪಿನ್ನು ತೆಗೆದು ಕೆರೆದು ಸರಿಮಾಡುತ್ತಿದ್ದಳು. ಯಂತ್ರ ಮುನಿದರೆ ಅದನ್ನು ಒಲಿಸುವುದು ಆ ಮೂವರಿಗೇ ಗೊತ್ತಿತ್ತು.

ಆಗ ಅದಕ್ಕೆ ಎಂಥ ವೇಗ ಅಂತೀಯ. ಗುಂಡಿ ಒತ್ತಲು ಬೆರಳು ಎತ್ತಿದರೆ ಸಾಕು, ಬೆರಳಿನ ನೆರಳಿಗೇ ಎಚ್ಚರವಾಗುತ್ತಿತ್ತು. ಇದು ನಾನು ಕಣ್ಣಾರೆ ಕಂಡದ್ದು. ಸುಳ್ಳಾಗಿದ್ದರೆ ನನ್ನ ತಲೆಯ ಮೇಲೆ ಒಂದು ಕೂದಲೂ ಉಳಿಯದಿರಲಿ.

ಕಲ್ಲೇಶ ಮೇಷ್ಟ್ರ ಬೋಳುತಲೆಯನ್ನು ನೋಡಿದ. ಮೇಷ್ಟ್ರು ಮುಂದುವರಿಸಿದರು.

ಹಿರಿಮಗಳ ಮದುವೆಯಾಯಿತು. ಅಳಿಯನದು ಪಕ್ಕದ ಊರಿನಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಮೊದಲ ದೀಪಾವಳಿಗೆ ಅಳಿಯನನ್ನು ಕರೆತಂದರು. ಮೊದಲ ಹಬ್ಬಕ್ಕೆ ಬಂದ ಅಳಿಯನ ಪಾಡು ನಿನಗೆ ಗೊತ್ತಿಲ್ಲ. ಅವನು ಏನನ್ನೂ ಮಾಡುವಂತಿಲ್ಲ. ಲೋಟ ಎತ್ತಿದರೆ ಅತ್ತೆ ಓಡಿಬಂದು ಕಸಿದುಕೊಳ್ಳುತ್ತಾಳೆ. ಎದ್ದು ನಿಂತರೆ ಮಾವ ಗಾಬರಿಯಾಗುತ್ತಾನೆ. ಹೋಳಿಗೆ ತಿಂದು ದೇವರಂತೆ ಮಣೆಯ ಮೇಲೆ ಕೂರುವುದೊಂದೇ ಕೆಲಸ. ಇವನದೋ ದಿನವೆಲ್ಲ ಮೋಟಾರು ಬಿಚ್ಚುವ ಕೈ. ಸುಮ್ಮನೆ ಕೂತರೆ ಆ ಕೈಗೆ ನವೆ ಹತ್ತುತ್ತದೆ. ಅವನ ಕಣ್ಣು ಕಂಪ್ಯೂಟರಿನ ಮೇಲೆ ಬಿತ್ತು.

“ಮಾವ, ಇದಕ್ಕೆ ಕಾವಲೇ ಇಲ್ಲವಲ್ಲ. ಹೊರಗಿನ ವೈರಸ್ ನುಗ್ಗಿದರೆ ಒಳಗಿರೋದನ್ನೆಲ್ಲ ತಿಂದು ಹಾಕ್ತಾವೆ” ಎಂದ.

ಚೀಲದಿಂದ ಒಂದು ಸಿ.ಡಿ. ತೆಗೆದು ಒಂದು ಆಂಟಿವೈರಸ್ ಹಾಕಿದ. ಮೂಲೆಯಲ್ಲಿ ಒಂದು ಪುಟ್ಟ ಗುರಾಣಿಯ ಚಿತ್ರ ಬಂದು ನಿಂತಿತು. ವ್ಯಾಪಾರಿಗೆ ಹಿಡಿಸಲಾರದಷ್ಟು ಸಂತೋಷ. “ಅಳಿಯಂದಿರು ಮನೆಗೆ ಕಾವಲುಗಾರನನ್ನು ನೇಮಿಸಿ ಹೋದರು” ಎಂದು ಪೇಟೆಯಲ್ಲೆಲ್ಲ ಹೇಳಿದ. ಅತ್ತೆ ಆ ಸಿ.ಡಿ.ಯ ಡಬ್ಬಿಗೆ ಅರಿಸಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿ ಇಟ್ಟಳು.

ಮುಂದೆ ನಡುಮಗಳ ಮದುವೆಯಾಯಿತು. ನಡುವಿನ ಅಳಿಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವನು. ಯಾರಾದರೂ ಸೀನಿದರೆ ಅದರಲ್ಲೂ ತಪ್ಪು ಹುಡುಕಿ ತಿದ್ದುವ ಸ್ವಭಾವ. ಅವನೂ ಮೊದಲ ಹಬ್ಬಕ್ಕೆ ಬಂದ. ಅವನೂ ಮಣೆಯ ಮೇಲೆ ಕೂತ. ಅವನ ಕಣ್ಣೂ ಅಲ್ಲಿಯೇ ಬಿತ್ತು.

“ಇದು ಹಳೇ ಕಾವಲು ಮಾವ. ಇದನ್ನ ತೆಗೆದು ಒಳ್ಳೇದು ಹಾಕ್ತೀನಿ.”

ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. “ತೆಗೆಯೋದು ಬೇಡಪ್ಪ. ದೊಡ್ಡ ಅಳಿಯಂದ್ರು ಕೈಯಾರೆ ಇಟ್ಟಿದ್ದು. ಅದೂ ಇರಲಿ, ನೀನು ಇನ್ನೊಂದು ಇಡು. ಬಾಗಿಲಿಗೆ ಎರಡು ಬೀಗ ಹಾಕಿದರೆ ಕೆಟ್ಟದ್ದೇನು?”

ಹೀಗೆ ಒಂದು ಬಾಗಿಲಿಗೆ ಇಬ್ಬರು ಕಾವಲುಗಾರರಾದರು. ಒಬ್ಬೊಬ್ಬ ಅಳಿಯ ಒಬ್ಬೊಬ್ಬ ಮಗಳನ್ನು ಕರೆದುಕೊಂಡು ಹೋದ, ಒಬ್ಬೊಬ್ಬ ಕಾವಲುಗಾರನನ್ನು ಬಿಟ್ಟುಹೋದ.

ಕಾವಲುಗಾರರ ಗುಣ ನಿನಗೆ ನಾನೇ ಕಲಿಸಿದ್ದೇನೆ. ಒಂದು ಕಡತ ತೆರೆದರೆ ಮೊದಲನೆಯವನು ಅದನ್ನು ಮುಟ್ಟಿ ನೋಡುತ್ತಾನೆ. ಅವನು ಮುಟ್ಟಿದನೆಂದು ಎರಡನೆಯವನು ನೋಡುತ್ತಾನೆ. ಎರಡನೆಯವನು ಯಾಕೆ ಮುಟ್ಟಿದ ಎಂದು ಮೊದಲನೆಯವನು ಮತ್ತೆ ನೋಡುತ್ತಾನೆ. ಇಬ್ಬರ ಕಣ್ಣಿಗೂ ಎದುರಿನವನೇ ಕಳ್ಳ. ಬೀದಿಯ ಕಳ್ಳ ಬಂದು ಇಬ್ಬರ ನಡುವೆ ಚಾಪೆ ಹಾಸಿ ಮಲಗಿದರೂ ಇವರಿಗೆ ಅರಿವಿಲ್ಲ.

ಯಂತ್ರ ನಿಧಾನವಾಯಿತು. ಗುಂಡಿ ಒತ್ತಿ, ಸ್ನಾನ ಮುಗಿಸಿ, ಪೂಜೆ ಮುಗಿಸಿ, ಊಟ ಮಾಡಿ ಕೈ ತೊಳೆದು ಬಂದರೂ ಪರದೆಯ ಮೇಲೆ ಮರಳುಗಡಿಯಾರವೇ ನಿಂತಿರುತ್ತಿತ್ತು. ಸುರಿದು ಸುರಿದು ಅದರೊಳಗಿನ ಮರಳು ಸವೆದುಹೋಗಿ ಹೊಸ ಮರಳು ತುಂಬಿಸಬೇಕಾಯಿತು. ತುಂಗಭದ್ರೆಯಿಂದ ಅದನ್ನು ಸೋಸಿ ತಂದುಕೊಟ್ಟವನು ನಾನೇ. ಊರಿನವರು ಈಗ ಅದನ್ನೆಲ್ಲ ಮರೆತಿದ್ದಾರೆ.

ಮರುವರ್ಷದ ದೀಪಾವಳಿಗೆ ನಡುವಿನ ಅಳಿಯ ಒಂದು ದಿನ ಮೊದಲೇ ಬಂದ. ಯಂತ್ರದ ಅವಸ್ಥೆ ನೋಡಿದ. ಅತ್ತೆ ನೀರಿಗೆ ಹೋದ ಹೊತ್ತು ನೋಡಿ ಹಿರಿಯ ಅಳಿಯನ ಕಾವಲುಗಾರನನ್ನು ತೆಗೆದುಹಾಕಿದ. ಮರುದಿನ ಹಿರಿಯ ಅಳಿಯ ಬಂದ. ಎಲೆ ಹಾಕಿದ್ದರು. ಹೋಳಿಗೆ ಬಡಿಸಿದ್ದರು. ಕೂರುವ ಮೊದಲು ಒಮ್ಮೆ ತನ್ನ ಕೈಕೆಲಸ ನೋಡಿಬರೋಣವೆಂದು ಯಂತ್ರದ ಹತ್ತಿರ ಹೋದ. ಮೂಲೆಯಲ್ಲಿ ತನ್ನ ಗುರಾಣಿ ಇರಲಿಲ್ಲ.

ಅವನು ಕೂಗಾಡಲಿಲ್ಲ. “ನಾನು ಇಟ್ಟದ್ದು ಈ ಮನೆಗೆ ಬೇಡವಾದರೆ, ಈ ಮನೆಯವರು ಇಟ್ಟ ಎಲೆ ನನಗೂ ಬೇಡ” ಎಂದ. ಹೆಂಡತಿಯನ್ನು ಕರೆದ. ಹಿರಿಮಗಳ ಕೈಗೆ ಆಗಿನ್ನೂ ಹೂರಣ ಮೆತ್ತಿಕೊಂಡಿತ್ತು. ಹಾಗೆಯೇ ಹೊರಟಳು.

ಆಮೇಲೆ ಅವಳು ತವರಿಗೆ ಬರಲಿಲ್ಲ.

ವ್ಯಾಪಾರಿ ಸುಮ್ಮನೆ ಕೂರಲಿಲ್ಲ. ದೇವರ ಗೂಡಿನಿಂದ ಆ ಸಿ.ಡಿ. ತೆಗೆದು, ಅರಿಸಿನ ಒರೆಸಿ, ಪೇಟೆಯ ಒಬ್ಬನನ್ನು ಕರೆಸಿ ಹಿರಿಯ ಅಳಿಯನ ಕಾವಲುಗಾರನನ್ನು ಮತ್ತೆ ನಿಲ್ಲಿಸಿದ. “ಯಂತ್ರ ಎದ್ದಾಗಲೆಲ್ಲ ಒಂದು ಚೌಕ ಬರುತ್ತೆ. ಏನೂ ನೋಡ್ಬೇಡಿ, ಮೂಲೆಯ ಗುಣಿಸು ಚಿಹ್ನೆ ಒತ್ತಿಬಿಡಿ” ಎಂದು ಹೇಳಿ ಆ ಪೇಟೆಯವನು ಹೋದ. ಚೌಕದಲ್ಲಿದ್ದದ್ದು ಇಂಗ್ಲಿಷು. ವ್ಯಾಪಾರಿಗೆ ಓದಲು ಬಾರದು. ಕಾವಲುಗಾರ ದಿನಾ ಬಂದು ನಮಸ್ಕಾರ ಹೇಳುತ್ತಾನೆ ಎಂದು ಅವನು ತಿಳಿದ. ತಾನೂ ಒಮ್ಮೆ ತಲೆಬಾಗಿ ಚಿಹ್ನೆ ಒತ್ತುತ್ತಿದ್ದ.

ಹಿರಿಯ ಅಳಿಯನಿಗೆ ಫೋನು ಮಾಡಿ ತಿಳಿಸಿದ. “ನಿಮ್ಮವನು ಮತ್ತೆ ಬಾಗಿಲಲ್ಲಿ ನಿಂತಿದ್ದಾನೆ. ಮಗಳನ್ನು ಕಳಿಸಿಕೊಡಿ.”

“ಅವನದೂ ಅಲ್ಲೇ ಇದೆಯೋ?”

“ಇದೆ.”

“ಅದು ಹೋಗಲಿ. ಆಮೇಲೆ ನೋಡೋಣ.”

ನಡುವಿನ ಅಳಿಯನನ್ನು ಕೇಳಿದ. ಅವನೂ ಬಾಗಲಿಲ್ಲ. “ಮೊದಲ ಹಬ್ಬಕ್ಕೆ ಬಂದು ಇಟ್ಟದ್ದು ಮಾವ. ಅದನ್ನ ಕೀಳಿಸಿದರೆ ನಾನೂ ನಿಮ್ಮ ಹೊಸಿಲು ತುಳಿಯಲ್ಲ.”

ವ್ಯಾಪಾರಿ ಎಂಥೆಂಥ ಕೈಗಳಿಗೋ ಬಳೆ ತೊಡಿಸಿದವನು. ಬಿಗಿಯಾದ ಬಳೆಯನ್ನು ಏರಿಸುವಾಗ ಬಳೆಯನ್ನು ಒತ್ತಬಾರದು, ಕೈಯನ್ನು ಮೆದುವಾಗಿ ಮಡಿಸಬೇಕು ಎಂಬುದು ಅವನ ಕಸುಬಿನ ಗುಟ್ಟು. ಇಲ್ಲಿ ಎರಡೂ ಕಡೆ ಗಾಜೇ ಇತ್ತು. ಮಡಿಸಲು ಕೈಯೇ ಸಿಗಲಿಲ್ಲ.

ಹಿರಿಮಗಳಿಲ್ಲದೆ ಒಂದು ದೀಪಾವಳಿ ಕಳೆಯಿತು. ಮುಂದೆ ಕಿರಿಮಗಳ ಮದುವೆಗೆ ಅವಳು ಛತ್ರಕ್ಕೆ ಬಂದಳು. ಅಕ್ಷತೆ ಹಾಕಿದಳು. ತಾಯಿಯ ಸೆರಗನ್ನು ಸರಿಮಾಡಿದಳು. ಮನೆಗೆ ಬಾರದೆ ಅಲ್ಲಿಂದಲೇ ಹೊರಟುಹೋದಳು.

ಆ ಮೇಲಿನ ಸಂಜೆಗಳಲ್ಲಿ ವ್ಯಾಪಾರಿ ಒಬ್ಬನೇ ಆ ಒಂಟಿ ಕುರ್ಚಿಯ ಮೇಲೆ ಕೂರುತ್ತಿದ್ದ. ಯಾರೂ ಜಗಳವಾಡುವವರಿರಲಿಲ್ಲ. ಗುಂಡಿ ಒತ್ತಿ ಕಾಯುತ್ತಿದ್ದ. ಒಳಗೆ ಹಿರಿಮಗಳು ಚಿಕ್ಕವಳಿದ್ದಾಗ ಬರೆದಿಟ್ಟ ಒಂದು ಚಿತ್ರವಿತ್ತು. ಒಂದು ಬಳೆ ಅಂಗಡಿ. ಅದರ ಮುಂದೆ ಅಂಗಡಿಯ ಬಾಗಿಲಿಗಿಂತ ಎತ್ತರದ ಅಪ್ಪ. ಮೌಸಿನಿಂದ ಬರೆದದ್ದರಿಂದ ಅಪ್ಪನ ಮೂಗು ಎಲ್ಲಿಗೋ ಹೊರಟುಹೋಗಿತ್ತು. ಆ ಚಿತ್ರ ತೆರೆಯುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು. ಹೆಂಡತಿ ಕರೆದರೆ, “ಇರು, ಮೂಗು ಬರಲಿ” ಎನ್ನುತ್ತಿದ್ದ.

ದೀಪಾವಳಿ ಬಂತು. ಈ ಸಲ ಕಿರಿಯ ಅಳಿಯನ ಮೊದಲ ಹಬ್ಬ. ಅವನೊಬ್ಬ ಶಾಲೆಯಲ್ಲಿ ಚಿತ್ರ ಕಲಿಸುವ ಮೇಷ್ಟ್ರು. ಬಡಪಾಯಿ. ಅತ್ತೆ ಮೊದಲೇ ಎಚ್ಚರ ವಹಿಸಿದ್ದಳು. ಕಂಪ್ಯೂಟರಿನ ಮೇಲೆ ಎರಡು ಬೆಡ್‌ಶೀಟು ಹೊದಿಸಿ, ಅದರ ಮೇಲೆ ಚಕ್ಕುಲಿಯ ಡಬ್ಬಿಗಳನ್ನು ಸಾಲಾಗಿ ಜೋಡಿಸಿದ್ದಳು. ಮೂರನೆಯ ಕಾವಲುಗಾರ ಬಂದರೆ ಮನೆಯವರೇ ಹೊರಗೆ ಮಲಗಬೇಕಾದೀತೆಂದು ಅವಳ ಹೆದರಿಕೆ. ನಡುವಿನ ಅಳಿಯನೂ ನಡುಮಗಳೂ ಬಂದಿದ್ದರು. ಹಿರಿಮಗಳಿಗೆ ಕರೆ ಹೋಗಿತ್ತು. ಉತ್ತರ ಬಂದಿರಲಿಲ್ಲ.

ಬೆಳಿಗ್ಗೆ ಕಿರಿಯ ಅಳಿಯನನ್ನು ಮಣೆಯ ಮೇಲೆ ಕೂರಿಸಿ ತಲೆಗೆ ಎಣ್ಣೆ ಇಟ್ಟರು. ಎಣ್ಣೆಯಾದ ಮೇಲೆ ಆರತಿ, ಆಮೇಲೆ ಸ್ನಾನ. ಆರತಿಯ ತಟ್ಟೆಯನ್ನು ಒಬ್ಬಳೇ ಎತ್ತುವಂತಿಲ್ಲ. ಇಬ್ಬರು ಎರಡು ಕಡೆ ಹಿಡಿಯಬೇಕು. ಆ ಮನೆಯಲ್ಲಿ ಹೊಸ ಅಳಿಯನಿಗೆ ಆರತಿ ಎತ್ತುವುದು ಹೆಂಡತಿಯ ಅಕ್ಕಂದಿರ ಪಾಲು. ನಡುಮಗಳು ತಟ್ಟೆಯ ಒಂದು ಕಡೆ ಹಿಡಿದಳು. ಇನ್ನೊಂದು ಕಡೆಗೆ ತಾಯಿ ಪಕ್ಕದ ಮನೆಯಾಕೆಯನ್ನು ಕರೆದಳು.

ನಡುಮಗಳು ತಟ್ಟೆಯನ್ನು ನೆಲದ ಮೇಲೆ ಇಟ್ಟಳು.

“ಅಕ್ಕ ಹಿಡಿಯೋ ಜಾಗ ಅದು” ಎಂದಳು. “ಬೇರೆಯವರ ಜೊತೆ ನಾನು ಎತ್ತಲ್ಲ.”

ತಾಯಿ ಬೇಡಿಕೊಂಡಳು. ಪಕ್ಕದ ಮನೆಯಾಕೆ ಒಲೆಯ ಮೇಲೆ ಹಾಲಿದೆ ಎಂದು ನೆನಪಿಸಿಕೊಂಡು ಹೊರಟುಹೋದಳು. ಕಿರಿಮಗಳು ಬಚ್ಚಲ ಬಾಗಿಲಿನಲ್ಲಿ ನಿಂತು ಬಿಕ್ಕಿದಳು. ಕಿರಿಯ ಅಳಿಯ ಮಣೆಯ ಮೇಲೆ ಅಲುಗಾಡದೆ ಕೂತಿದ್ದ. ಅವನ ಹಣೆಯಿಂದ ಎಣ್ಣೆ ಇಳಿದು ಕಣ್ಣಿಗೆ ಬರುತ್ತಿತ್ತು. ಒರೆಸಿಕೊಳ್ಳಬಹುದೋ ಇಲ್ಲವೋ ಅವನಿಗೆ ಯಾರೂ ಹೇಳಿರಲಿಲ್ಲ.

ವ್ಯಾಪಾರಿ ನಡುವಿನ ಅಳಿಯನ ಮುಖ ನೋಡಲಿಲ್ಲ. ನೋಡಿದರೆ ಕೇಳಿದಂತಾಗುತ್ತದೆ ಎಂದು ನೆಲವನ್ನು ನೋಡಿದ. ನಡುವಿನ ಅಳಿಯ ತನ್ನ ಹೆಂಡತಿಯನ್ನು ನೋಡುತ್ತಿದ್ದ. ಅವಳು ಕೆಳಗಿಟ್ಟ ತಟ್ಟೆಯ ಮುಂದೆ ಮೊಣಕಾಲೂರಿ ಕೂತು, ದೀಪ ಆರದಂತೆ ಒಂದು ಕೈ ಅಡ್ಡ ಹಿಡಿದಿದ್ದಳು.

ಅವನು ಎದ್ದ. ಚಕ್ಕುಲಿಯ ಡಬ್ಬಿಗಳನ್ನು ಒಂದೊಂದಾಗಿ ಕೆಳಗಿಳಿಸಿದ. ಬೆಡ್‌ಶೀಟುಗಳನ್ನು ಮಡಿಸಿಟ್ಟ. ಗುಂಡಿ ಒತ್ತಿದ.

ಮನೆಯವರೆಲ್ಲ ಬಂದು ಅವನ ಹಿಂದೆ ನಿಂತರು. ಬಚ್ಚಲಿನ ಹಂಡೆಯ ನೀರು ಕುದಿದು ಕುದಿದು ಅರ್ಧವಾಯಿತು. “ಎದ್ದಿತೇ?” ಎಂದು ಕಿರಿಯ ಅಳಿಯ ಮಣೆಯ ಮೇಲಿನಿಂದಲೇ ಕೇಳಿದ. “ಇಲ್ಲಪ್ಪ, ಇನ್ನೂ ಹೊರಳಾಡ್ತಿದೆ” ಎಂದಳು ಅತ್ತೆ.

ಕೊನೆಗೆ ಪರದೆ ಬೆಳಗಿತು. ಆ ಚೌಕ ಬಂತು. ನಡುವಿನ ಅಳಿಯ ಮುಂದಕ್ಕೆ ಬಾಗಿ ಅದನ್ನು ಓದಿದ. ಮಾತಾಡಲು ಹೊರಟಂತೆ ಅವನ ತುಟಿ ಅಲುಗಿತು. ತಪ್ಪು ಕಂಡಾಗಲೆಲ್ಲ ಅವನ ತುಟಿ ಹಾಗೆ ಅಲುಗುವುದನ್ನು ವ್ಯಾಪಾರಿ ಬಲ್ಲ. ಆದರೆ ಈ ಸಲ ಅವನು ಆ ಚೌಕವನ್ನು ಮುಚ್ಚಿದ.

“ಏನಂತೆ ಅದು?” ಎಂದ ವ್ಯಾಪಾರಿ.

“ಏನಿಲ್ಲ ಮಾವ.”

ಅವನು ಒಂದೊಂದೇ ಬಾಗಿಲು ತೆರೆದು ಒಳಗೆ ಹೋದ. ತನ್ನ ಕಾವಲುಗಾರನನ್ನು ಹುಡುಕಿದ. ತೆಗೆಯುವ ಮೊದಲು ಅದು, ‘ನಿಜವಾಗಿಯೂ ತೆಗೆಯಬೇಕೇ’ ಎಂದು ಕೇಳಿತು. ಅವು ಹಾಗೆ ಕೇಳಿಯೇ ಕೇಳುತ್ತವೆ. ಅವನು ಹೌದೆಂದು ಒತ್ತಿದ. ಮತ್ತೊಮ್ಮೆ ಕೇಳಿತು. ಮತ್ತೊಮ್ಮೆ ಒತ್ತಿದ. ಆಮೇಲೆ ಯಂತ್ರ ಆರಿಸಿ, ಎದ್ದುಹೋಗಿ ಹಿರಿಯ ಅಳಿಯನಿಗೆ ತಾನೇ ಫೋನು ಮಾಡಿದ. ಅವರಿಬ್ಬರ ನಡುವೆ ಮಾತು ನಿಂತು ಹೋಗಿತ್ತೆಂಬುದನ್ನು ನೆನಪಿಟ್ಟುಕೋ.

“ಅಣ್ಣ, ನಾನು. ನನ್ನದು ತೆಗೆದಿದ್ದೀನಿ. ಈಗ ನಿಮ್ಮದೊಂದೇ ಇದೆ. ಅದು ಏನೋ ಕೇಳ್ತಿದೆ. ನನಗೆ ಗೊತ್ತಾಗ್ತಿಲ್ಲ. ನೀವೇ ಬಂದು ನೋಡ್ಬೇಕು.”

ಉತ್ತರಕ್ಕೆ ಕಾಯದೆ ಇವನು ಫೋನು ಇಟ್ಟ. ಹೆಂಡತಿಯ ತವರಿನಲ್ಲಿ ಒಬ್ಬ ಅಳಿಯ ‘ನನಗೆ ಗೊತ್ತಾಗ್ತಿಲ್ಲ’ ಎನ್ನುವುದು ಅತ್ತಿಯ ಹೂವು ಕಂಡಷ್ಟು ಅಪರೂಪ. ನಾನು ಇಷ್ಟು ವರ್ಷದಲ್ಲಿ ಎಷ್ಟೋ ಅಳಿಯಂದಿರನ್ನು ಕಂಡಿದ್ದೇನೆ, ಸ್ವತಃ ಅಳಿಯನಾಗಿದ್ದೇನೆ. ನನ್ನ ಬಾಯಿಂದಲೂ ಆ ಮಾತು ಬಂದಿಲ್ಲ. ನನಗೆ ಎಲ್ಲ ಗೊತ್ತಿರುವುದರಿಂದ ಬರಲಿಲ್ಲ, ಅದು ಬೇರೆ.

ಹೊತ್ತು ಏರಿತು. ಕಿರಿಯ ಅಳಿಯ ಕೂತೇ ಇದ್ದ. ಅವನ ತಲೆ ಅಂದು ಎಷ್ಟು ಎಣ್ಣೆ ಕುಡಿಯಿತೆಂದರೆ, ಇಂದಿಗೂ ಅವನ ಮನೆಯಲ್ಲಿ ದೀಪಕ್ಕೆ ಎಣ್ಣೆ ಸಾಲದಿದ್ದರೆ ಅವನನ್ನು ಹತ್ತಿರ ಕೂರಿಸುತ್ತಾರಂತೆ. ನಡುಮಗಳು ಆರತಿಯ ದೀಪಕ್ಕೆ ಆಗಾಗ ತುಪ್ಪ ಹಾಕುತ್ತಿದ್ದಳು. ವ್ಯಾಪಾರಿ ಹೊಸಿಲಿನ ಒಳಗೆ ನಿಂತಿದ್ದ. ಹೊರಗೆ ಹೋಗಿ ದಾರಿ ನೋಡಲು ಅವನಿಗೆ ಧೈರ್ಯ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ಮೋಟಾರು ಬೈಕು ನಿಂತಿತು.

ಹಿರಿಯ ಅಳಿಯ ಒಳಗೆ ಬಂದ. ಹಿಂದೆ ಹಿರಿಮಗಳು. ಅವನು ಯಾರನ್ನೂ ನೋಡಲಿಲ್ಲ. ಮಣೆಯ ಮೇಲೆ ಹೊಳೆಯುತ್ತ ಕೂತಿದ್ದ ಹೊಸ ಅಳಿಯನನ್ನು ದಾಟಿ ನೇರವಾಗಿ ಯಂತ್ರದ ಬಳಿ ಹೋದ. ಗುಂಡಿ ಒತ್ತಿದ. ಹಿರಿಮಗಳು ಹೊಸಿಲ ಮೇಲೆಯೇ ನಿಂತಳು. ಒಳಗೆ ಬರಬೇಕೋ ಹಿಂದಕ್ಕೆ ಹೋಗಬೇಕೋ ಅವಳಿಗೆ ಇನ್ನೂ ತಿಳಿದಿರಲಿಲ್ಲ. ಅವಳು ಕೈಗೆ ತೊಟ್ಟ ಬಳೆ ತನ್ನ ಅಂಗಡಿಯದಲ್ಲ ಎಂಬುದು ವ್ಯಾಪಾರಿಯ ಕಣ್ಣಿಗೆ ಬಿತ್ತು.

ಈ ಸಲ ಪರದೆ ಬೇಗ ಬೆಳಗಿತು. ಚೌಕ ಬಂತು. ಹಿರಿಯ ಅಳಿಯ ಬೆರಳಿಟ್ಟು ಒಂದೊಂದೇ ಪದ ಕೂಡಿಸಿ ಓದಿದ. ಅದರಲ್ಲಿ ಇದ್ದದ್ದು ಇಷ್ಟೇ. ಈ ಕಾವಲಿನ ವಾಯಿದೆ ಎಂದೋ ಮುಗಿದಿದೆ, ಇದು ಈಗ ಏನನ್ನೂ ಕಾಯುತ್ತಿಲ್ಲ, ಹೊಸದನ್ನು ತನ್ನಿ. ಸಿ.ಡಿ. ಹಳೆಯದು. ದೇವರ ಗೂಡಿನಲ್ಲಿ ಇಟ್ಟರೂ ವಾಯಿದೆ ವಾಯಿದೆಯೇ.

ಹಿರಿಯ ಅಳಿಯ ಮತ್ತೊಮ್ಮೆ ಓದಿದ. ಆಮೇಲೆ ತಿರುಗಿ ನಡುವಿನ ಅಳಿಯನನ್ನು ನೋಡಿದ.

“ಇದನ್ನ ನೀನು ಓದಲಿಲ್ಲವೋ?”

“ಇಂಗ್ಲಿಷು ಅಲ್ವೇ ಅಣ್ಣ” ಎಂದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವನು. “ನನಗೆ ಅಷ್ಟಾಗಿ ಬರಲ್ಲ.”

ಹಿರಿಯ ಅಳಿಯನ ಮೀಸೆಯ ಅಂಚು ನಡುಗಿತು. ನಗುವೋ ಬೇರೆಯೋ ವ್ಯಾಪಾರಿಗೆ ತಿಳಿಯಲಿಲ್ಲ. ಅವನು ಪರದೆಯ ಕಡೆಗೆ ತಿರುಗಿ ತನ್ನ ಕಾವಲುಗಾರನನ್ನು ತಾನೇ ತೆಗೆದುಹಾಕಿದ. ಎದ್ದು ನಿಂತು, ಹೊಸಿಲ ಮೇಲಿದ್ದ ಹೆಂಡತಿಗೆ ಹೇಳಿದ.

“ಹೋಗು, ತಟ್ಟೆ ಹಿಡಿ. ಆ ಹುಡುಗನಿಗೆ ಸ್ನಾನವಾಗಲಿ.”

ಅಕ್ಕತಂಗಿಯರು ತಟ್ಟೆಯ ಎರಡು ಕಡೆ ಹಿಡಿದರು. ಆರತಿಯ ನೀರು ತುಳುಕಿತು. ತಾಯಿ ಹಾಡಲು ಹೊರಟಳು, ಹಿರಿಮಗಳನ್ನು ನೋಡುತ್ತ ಸಾಲು ಮರೆತಳು. ಹೊಸ ಅಳಿಯನೇ ಕಣ್ಣು ಮುಚ್ಚಿಕೊಂಡು ಒಂದು ನುಡಿ ಹಾಡಿ ಮುಗಿಸಿದ. ಅವನಿಗೆ ಸ್ನಾನದ ಆತುರ.

ಊಟವಾದ ಮೇಲೆ ಹಿರಿಯ ಅಳಿಯ ನಡುವಿನವನಿಗೆ, “ಈಗ ಕಾವಲೇ ಇಲ್ಲವಲ್ಲ. ನಿನ್ನದೇ ಹಾಕು” ಎಂದ. ಅವನು, “ಛೆ ಛೆ, ನೀವು ಹಾಕಿ ಅಣ್ಣ” ಎಂದ. ಇಬ್ಬರೂ ಸೇರಿ ಹೊಸ ಅಳಿಯನ ಕಡೆ ನೋಡಿದರು. ಅವನು, “ನನಗೆ ಅದನ್ನ ಹೊತ್ತಿಸೋದೂ ಬರಲ್ಲ” ಎಂದ. ಇವರು ಹೀಗೆ ನೀವು ತಾವು ಎನ್ನುತ್ತಿರುವಾಗ ಒಳಗಿನಿಂದ ಸದ್ದು ಕೇಳಿತು. ವ್ಯಾಪಾರಿ ಹೋಗಿ ಬಾಗಿಲಿಗೆ ಒರಗಿ ನೋಡಿದ.

ಒಂದೇ ಕುರ್ಚಿಯ ಮೇಲೆ ಮೂವರೂ ಕೂತಿದ್ದರು. ಕಿರಿಮಗಳು ಅರ್ಧ ಗಾಳಿಯಲ್ಲಿದ್ದಳು. ಕಾವಲು ಹಾಕಿಯಾಗಿತ್ತು. ಯಾವುದನ್ನು ಹಾಕಬೇಕೆಂದು ಅವರು ಯಾರನ್ನೂ ಕೇಳಿರಲಿಲ್ಲ. ಇಷ್ಟು ವರ್ಷ ಅವರನ್ನೂ ಯಾರೂ ಕೇಳಿರಲಿಲ್ಲ.

“ಬಿಡೇ, ನನ್ನ ಸರದಿ.”

“ನೀನು ಎರಡು ವರ್ಷ ಬಂದಿಲ್ಲ. ಸರದಿ ಹೋಯ್ತು.”

“ಹೋದರೆ ಹೋಗಲಿ, ಮೌಸು ಕೊಡು. ಅಯ್ಯೋ, ಅಪ್ಪನ ಮೂಗು ನೋಡೇ.”

ಯಂತ್ರ ಹಿಂದಿನಷ್ಟು ವೇಗವಾಯಿತೇ ಎಂದು ಆಮೇಲೆ ಪೇಟೆಯಲ್ಲಿ ಯಾರೋ ವ್ಯಾಪಾರಿಯನ್ನು ಕೇಳಿದರು. ಆ ದಿನ ಅವನು ಯಂತ್ರವನ್ನು ನೋಡಿರಲಿಲ್ಲ.

ಪಂಪಣ್ಣ ಮೇಷ್ಟ್ರು ಕತೆ ನಿಲ್ಲಿಸಿ ಕೀಲಿಮಣೆಯನ್ನು ಮತ್ತೆ ಮಗುಚಿದರು. ಇನ್ನೆರಡು ಅವಲಕ್ಕಿ ಉದುರಿದವು.

ಕಲ್ಲೇಶ ಲವಲವಿಕೆಯಿಂದ ಎದ್ದ. ಚೀಲವನ್ನು ಹೆಗಲಿಗೆ ಹಾಕಿಕೊಂಡ. “ಅರ್ಥವಾಯಿತು ಗುರುಗಳೇ. ಒಂದು ಕಂಪ್ಯೂಟರಿಗೆ ಎರಡು ಕಾವಲು ಇರಬಾರದು. ಹೆಡ್‌ಮಾಸ್ಟರ್ ಮನೆಯಲ್ಲಿ ಯಾರ್ಯಾರು ಏನೇನು ತುಂಬಿದ್ದಾರೋ ಅದನ್ನೆಲ್ಲ ನಾಳೆಯೇ ಕಿತ್ತುಹಾಕ್ತೀನಿ.”

ಅವನು ಬಾಗಿಲು ದಾಟುವಷ್ಟರಲ್ಲಿ ಮೇಷ್ಟ್ರು ತಲೆ ಎತ್ತದೆ ಕೇಳಿದರು.

“ಅದಕ್ಕೆ ಕೈ ಹಾಕಿದವರಲ್ಲಿ ನೀನು ಎಷ್ಟನೆಯವನು, ಕಲ್ಲೇಶ?”

ಕಲ್ಲೇಶ ಹೆಗಲಿನ ಚೀಲ ಇಳಿಸಿ, ಬಾಗಿಲಲ್ಲೇ ನಿಂತು ಬೆರಳು ಮಡಿಸಿ ಎಣಿಸತೊಡಗಿದ.